ಮುದ್ದತ್ ಸಾಹೇಬ

ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಗೆ ಕೂಗಳತೆ ದೂರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಶ್ರೀಮಂತ ಎಂಬವನು ಆಡಳಿತ ವಿಭಾಗದ ಮುಖ್ಯಸ್ಥ. ಕಾರ್ಖಾನೆಯ ಮಂದಿಯ ಬಾಯಲ್ಲಿ ಮಾತ್ರ ಮುದ್ದತ್ ಸಾಹೇಬ. ಈ ಹೆಸರನ್ನು ಯಾರೂ ಅವನೆದುರು ಆಡುತ್ತಿರಲಿಲ್ಲ. ಹಾಗಂತ ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದು ಒಳಗೊಳಗೇ ಹಿಗ್ಗುತ್ತಿದ್ದ. ಕಬ್ಬು ಸಾಗಿಸುವ ಟ್ರ್ಯಾಕ್ಟರಿನವರಿಂದ ಹಿಡಿದು ಗೋಣಿಚೀಲ ಪೂರೈಸುವವರ ತನಕ ಯಾರೇ ಕಾರ್ಖಾನೆಯ ಜೊತೆ ಕರಾರು ಮಾಡಿಕೊಳ್ಳಲಿ, ಅದನ್ನು ಬರೆಯುವವನು ಅವನು, ಓದಿ ಹೇಳುವವನು ಅವನು, ಕೊನೆಗೆ ಮುದ್ದತ್ತು, ಅಂದರೆ ಗಡುವು, ಮುಗಿಯಿತು ಎಂದು ಬಾಗಿಲು ಮುಚ್ಚುವವನೂ ಅವನೇ.

ಎಲ್ಲ ಕರಾರುಗಳಲ್ಲೂ ಹದಿನಾಲ್ಕನೆಯ ಕಲಂ ಒಂದೇ ಇರುತ್ತಿತ್ತು. ಯಾವುದೇ ತಕರಾರಿದ್ದರೆ ಅದು ಹುಟ್ಟಿದ ಮೂವತ್ತು ದಿನದೊಳಗೆ ಬರವಣಿಗೆಯಲ್ಲಿ ಆಡಳಿತ ಮುಖ್ಯಸ್ಥರ ಕೈಗೆ ಮುಟ್ಟಿಸತಕ್ಕದ್ದು. ಅದನ್ನು ಮಧ್ಯಸ್ಥಗಾರರು ತೀರ್ಮಾನಿಸತಕ್ಕದ್ದು. ಮುದ್ದತ್ತು ಮೀರಿದರೆ ಯಾವ ಹಕ್ಕೂ ಉಳಿಯತಕ್ಕದ್ದಲ್ಲ. ಪುಣೆಯ ಒಂದು ಯಂತ್ರ ಕಂಪನಿಯ ದಪ್ಪ ಕರಾರಿನಲ್ಲಿ ಇಂಥದ್ದೊಂದನ್ನು ಕಂಡಿದ್ದ ಶ್ರೀಮಂತ, ಅದನ್ನು ಕನ್ನಡಕ್ಕೆ ತಂದು ಕಸ ಗುಡಿಸುವವರ ಕರಾರಿನಲ್ಲೂ ತುರುಕಿದ್ದ. ಕೋಟ್ಯಧೀಶರು ತಮ್ಮ ವಕೀಲರ ಸಾಲನ್ನು ಬೆನ್ನಿಗಿಟ್ಟುಕೊಂಡು ಸಹಿ ಹಾಕುವ ಮಾತಿಗೆ ಈ ಬಡಪಾಯಿಗಳೂ ಸಹಿ ಹಾಕಿದರು.

ಇದನ್ನು ಅವನು ಕೆಟ್ಟ ಬುದ್ಧಿಯಿಂದ ಮಾಡಿದ ಎಂದರೆ ಅನ್ಯಾಯವಾದೀತು. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ ಅವನು ಬೆಳೆದ ಮನೆಯಲ್ಲಿ ಅಪ್ಪ ಮತ್ತು ದೊಡ್ಡಪ್ಪ ಒಂದು ಬದುವಿನ ಕಲ್ಲಿಗಾಗಿ ಜಗಳಾಡಿ, ಮಾತು ಬಿಟ್ಟು, ಮಾತು ಬಿಟ್ಟದ್ದು ಯಾಕೆಂಬುದನ್ನೂ ಮರೆತು, ಆಮೇಲೂ ಮಾತಾಡದೆ ಮುದುಕರಾಗಿದ್ದರು. ದೊಡ್ಡಪ್ಪ ತೀರಿಕೊಂಡಾಗ ಅಪ್ಪ ಮಣ್ಣಿಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ಕುಳಿತು, ಓಣಿಯಲ್ಲಿ ಹೆಣ ಹಾದು ಹೋಗುವುದನ್ನು ನೋಡಿ, ಒಳಗೆ ಎದ್ದು ಹೋದ. ಶ್ರೀಮಂತನಿಗೆ ಆಗ ಮೀಸೆ ಚಿಗುರುವ ವಯಸ್ಸು. ಜಗಳಕ್ಕೂ ಒಂದು ಕೊನೆಯ ದಿನ ಅಂತ ಇರಬೇಕು, ಆ ದಿನ ದಾಟಿದರೆ ಇಬ್ಬರೂ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕು ಎಂಬ ಮಾತು ಅವನ ತಲೆಯಲ್ಲಿ ಕೂತದ್ದು ಅಂದೇ. ಮುದ್ದತ್ತು ಅವನ ಪಾಲಿಗೆ ಕತ್ತರಿಯಲ್ಲ, ಮುಲಾಮು. ಆದರೆ ಕಾರ್ಖಾನೆಯಲ್ಲಿ ಆ ಮುಲಾಮು ಸದಾ ಒಂದೇ ಕಡೆಯವರ ಗಾಯಕ್ಕೆ ಹತ್ತುತ್ತಿತ್ತು ಎಂಬುದನ್ನು ಅವನು ನೋಡಲು ಹೋಗಲಿಲ್ಲ.

ಕಾರ್ಖಾನೆಯ ಕ್ಯಾಂಟೀನು ಪ್ಯಾರಿಬಿಯದು. ಜೇವರ್ಗಿ ಕಡೆಯ ಅಂದೋಲಾದಲ್ಲಿ ಹುಟ್ಟಿ, ಇಲ್ಲಿನ ಬಾಯ್ಲರಿನಲ್ಲಿ ಕೆಲಸಕ್ಕಿದ್ದವನನ್ನು ಮದುವೆಯಾಗಿ ಬಂದ ಹೆಂಗಸು. ಗಂಡ ತೀರಿಕೊಂಡ ಮೇಲೆ ಗೇಟಿನ ಹೊರಗೆ ಚಹಾ ಮಾಡುತ್ತಿದ್ದವಳು, ಆಮೇಲೆ ಗೇಟಿನ ಒಳಗೆ ಬಂದು ಒಲೆ ಹೂಡಿದಳು. ಜೊತೆಗೆ ರೊಟ್ಟಿ ಬಡಿಯಲು ನಾಲ್ವರು ಹೆಂಗಸರು, ಅವರೂ ಅವಳಂತೆಯೇ ಗಂಡನಿಲ್ಲದವರು. ಬೆಳಗಿನ ಪಾಳಿ ಮುಗಿಸಿ ಬಂದವರಿಗೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಖಾರ. ಶ್ರೀಮಂತನೂ ಅಲ್ಲೇ ಉಣ್ಣುತ್ತಿದ್ದ. ಅವನ ತಾಯಿ ಗಂಗುಬಾಯಿ ಕಣ್ಣಿನ ಆಪರೇಷನ್ನಿಗೆಂದು ಊರಿನಿಂದ ಬಂದು ಕ್ವಾರ್ಟರ್ಸಿನಲ್ಲಿದ್ದಾಗ, ಸೊಸೆ ಸುವರ್ಣಾ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಂಬಲಿ ತಂದು ಕುಡಿಸಿ, ಕಣ್ಣಿಗೆ ಹನಿ ಹಾಕಿ ಹೋಗುತ್ತಿದ್ದವಳು ಪ್ಯಾರಿಬಿ. ಇಬ್ಬರು ಹೆಂಗಸರೂ ಕುಳಿತು ಹರಟೆಗೆ ಬಿದ್ದರೆ ಗಂಗುಬಾಯಿಗೆ ಮಗ ಬಂದದ್ದೂ ತಿಳಿಯುತ್ತಿರಲಿಲ್ಲ.

ಕ್ಯಾಂಟೀನಿನ ಮೂರು ವರ್ಷದ ಕರಾರು ಇನ್ನೂ ಅರ್ಧವೂ ಮುಗಿದಿರಲಿಲ್ಲ. ಆ ವರ್ಷ ಹಂಗಾಮು ಶುರುವಾಗುವ ಮುಂಚೆ ಎಂ.ಡಿ. ಸಾಹೇಬರಿಗೆ ಸೋಲಾಪುರದ ಒಂದು ಕಂಪನಿಯ ಮೇಲೆ ಮನಸ್ಸಾಯಿತು. ಬೆಳ್ಳಿ ಹಾಳೆಯ ಡಬ್ಬಿಯಲ್ಲಿ ಊಟ ಬರುತ್ತದೆ, ಹೊಗೆ ಇಲ್ಲ, ಗಲಾಟೆ ಇಲ್ಲ.

"ಆಕೀಗಿ ಒಂದು ಲೆಟರ್ ಕೊಟ್ಟ ಬಿಡ್ರಿ," ಎಂದರು.

"ಕಾರಣ ಏನ ಬರೀಲ್ರಿ ಸರ?"

"ಸ್ವಚ್ಛತಾ ಇಲ್ಲಂತ ಬರೀರಿ. ಅದಕ್ಕೇನ ಬರ ಅದ?"

ಶ್ರೀಮಂತ ಬರೆದ. ಮಧ್ಯಾಹ್ನ ಅವಳ ಕೈಯ ರೊಟ್ಟಿ ಉಂಡು, ಕೈ ತೊಳೆದುಕೊಂಡು, ಸಂಜೆ ಅವಳ ಅಡುಗೆಮನೆ ಶುಚಿಯಿಲ್ಲ ಎಂದು ಬರೆದ. ಎಂ.ಡಿ. ಹೇಳಿದ ಮೇಲೆ ನನ್ನದೇನಿದೆ ಎಂದು ತನಗೆ ತಾನೇ ಹೇಳಿಕೊಂಡ. ನೌಕರಿ ಮಾಡುವವರು ದಿನಕ್ಕೆ ಹತ್ತು ಸಲ ಆಡಿಕೊಳ್ಳುವ ಮಾತು ಅದು. ಆಡಿ ಆಡಿ ಅದಕ್ಕೀಗ ರುಚಿಯೂ ಇಲ್ಲ, ವಾಸನೆಯೂ ಇಲ್ಲ.

ಪ್ಯಾರಿಬಿ ಕಾಗದವನ್ನು ಓದಿಸಿಕೊಂಡಳು. ಕೂಗಾಡಲಿಲ್ಲ. "ಇದಕ್ಕ ನಾ ತಕರಾರು ಕೊಡ್ತೇನಿ ಸಾಹೇಬ್ರ," ಎಂದಳು, "ನೀವೇ ಓದಿ ಹೇಳಿದ್ರೆಲ್ಲ, ಮೂವತ್ತು ದಿನ ಅಂತ." ಅಫಜಲಪುರದ ಕೋರ್ಟಿನಲ್ಲಿ ಶಾಂಭವಿ ಎಂಬ ಎಳೆ ವಯಸ್ಸಿನ ಹುಡುಗಿ ವಕೀಲಿ ಮಾಡುತ್ತಿದ್ದಳು. ಪ್ಯಾರಿಬಿ ಅವಳನ್ನು ಹಿಡಿದಳು. ಕ್ಯಾಂಟೀನಿಗೆ ಬೀಗ ಬಿತ್ತು. ರೊಟ್ಟಿ ಬಡಿಯುವ ಹೆಂಗಸರು ಕೂಲಿಗೆ ಚದುರಿದರು. ಆ ಒಲೆ ಮತ್ತೆ ಹೊತ್ತಬೇಕಾದರೆ ಒಂದು ಕಾಗದ ಮುದ್ದತ್ತಿನೊಳಗೆ ಶ್ರೀಮಂತನ ಕೈ ಸೇರಬೇಕಿತ್ತು.

ಅಷ್ಟರಲ್ಲಿ ಕಿಣ್ಣಿ ಸುಲ್ತಾನದಲ್ಲಿ ಗಂಗುಬಾಯಿ ತೀರಿಕೊಂಡಳು. ಬೆಳಗ್ಗೆ ಎಲೆ-ಅಡಿಕೆ ಹಾಕಿಕೊಂಡು ಕಟ್ಟೆಗೆ ಆತು ಕುಳಿತವಳು ಹಾಗೇ ಹೋಗಿಬಿಟ್ಟಿದ್ದಳು. ಶ್ರೀಮಂತ ರಜೆ ಬರೆದುಕೊಟ್ಟು ಊರಿಗೆ ಓಡಿದ, ಮಣ್ಣು ಮಾಡಿದ, ಅತ್ತ. ಮಗುವಿನ ಹಾಗೆ ಅತ್ತ. ಹಿರಿಯರು ಹನ್ನೊಂದನೆಯ ದಿನಕ್ಕೆ ದಿವಸದ ಕಾರ್ಯ ಎಂದು ಗೊತ್ತು ಮಾಡಿದರು. ಆ ದಿನ ಯಾವ ತಾರೀಖಿಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದವನಿಗೆ ಇನ್ನೊಂದು ಲೆಕ್ಕ ತಾನಾಗಿ ಹೊಳೆಯಿತು. ಪ್ಯಾರಿಬಿಯ ಮುದ್ದತ್ತು ಮುಗಿಯುವುದು ದಿವಸದ ಹಿಂದಿನ ದಿನ.

ತಾಯಿಯ ಗುಂಡಿಯ ಮಣ್ಣು ಇನ್ನೂ ಹಸಿಯಿರುವಾಗ ಇಂಥ ಲೆಕ್ಕ ಬಂತಲ್ಲ ಎಂದು ಅವನಿಗೆ ಅಸಹ್ಯವಾಯಿತು. ಆದರೂ ಬಂದ ಲೆಕ್ಕ ಹೋಗಲಿಲ್ಲ.

ಮೂರನೆಯ ದಿನ ಮಾತಾಡಿಸಲು ಬರುವವರ ಗದ್ದಲ. ನಮ್ಮ ಕಡೆ ಸತ್ತವರ ಮನೆಗೆ ಹೋಗಿ ಬರುವುದಕ್ಕೆ ಮಾತಾಡಿಸಿ ಬರುವುದು ಅನ್ನುತ್ತಾರೆ. ಅಲ್ಲಿ ಮಾತಾಡುವುದು ಕಡಿಮೆ, ಕುಳಿತು ಏಳುವುದೇ ಹೆಚ್ಚು. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬರುವವರೇ ಬುತ್ತಿ ಕಟ್ಟಿ ತರುತ್ತಾರೆ. ಪ್ಯಾರಿಬಿ ಎರಡು ಬಸ್ಸು ಬದಲಾಯಿಸಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಓಣಿಯಲ್ಲಿ ಕಾಣಿಸಿಕೊಂಡಳು. ಕೈಯಲ್ಲಿ ದೊಡ್ಡ ಚೀಲ.

ಹೆಂಗಸರ ನಡುವೆ ಕುಳಿತು ಅವಳೂ ಅತ್ತಳು. ಶ್ರೀಮಂತನ ಸೋದರತ್ತೆ ನಿಂಬೆವ್ವ, ರೀತಿ ರಿವಾಜಿನಲ್ಲಿ ಬಲು ಕಟ್ಟುನಿಟ್ಟಿನ ಮುದುಕಿ, ಆಕೆಯನ್ನು ಮೇಲಿಂದ ಕೆಳಗೆ ನೋಡಿ, "ಯಾರ ಪೈಕಿ ಬೇ ನೀನು?" ಎಂದು ಕೇಳಿದಳು.

"ಅವ್ವಗ ಕಣ್ಣಿನ ಹನಿ ಹಾಕ್ತಿದ್ದೆ ನೋಡ್ರಿ, ಆಕಿ," ಎಂದಳು ಪ್ಯಾರಿಬಿ.

ನಿಂಬೆವ್ವ ಸರಿದು ಜಾಗ ಮಾಡಿದಳು. ಸುವರ್ಣಾ ಬುತ್ತಿ ಇಸಿದುಕೊಳ್ಳಲು ಬಂದಳು. ಚೀಲದಿಂದ ರೊಟ್ಟಿಯ ಗಂಟನ್ನು ಎತ್ತಿದಾಗ ಅದರಡಿ ಒಂದು ಉದ್ದನೆಯ ಲಕೋಟೆ ಕಂಡಿತು, ಮೇಲೆ ವಕೀಲರ ಠಸ್ಸೆ. ಶ್ರೀಮಂತ ಕಂಬಕ್ಕೆ ಆತು ಕುಳಿತಿದ್ದವನು ನೋಡಿದ. ಅವನು ನೋಡಿದ್ದನ್ನು ಪ್ಯಾರಿಬಿಯೂ ನೋಡಿದಳು. ಅವಳಿಗೆ ನಾಚಿಕೆಯಾದಂತೆ ಕಂಡಿತು. ಸೆರಗಿನಿಂದ ಚೀಲದ ಬಾಯಿ ಮುಚ್ಚಿದಳು.

ಹೊರಡುವಾಗ ಬಾಗಿಲ ಬಳಿ ಅವನೆದುರು ನಿಂತು ತಗ್ಗಿದ ದನಿಯಲ್ಲಿ ಹೇಳಿದಳು: "ವಕೀಲ ಬಾಯಿ ಇವತ್ತೇ ಕೊಟ್ಟ ಬಾ ಅಂದಿದ್ಳು. ನನ್ನ ಕೈಲೆ ಆಗಂಗಿಲ್ಲ ಸಾಹೇಬ್ರ. ಸತ್ತ ಮನ್ಯಾಗ ತಕರಾರಿನ ಕಾಗದ ಹ್ಯಾಂಗ ಕೊಡ್ಲಿ? ಆಫೀಸ್ನಾಗ ಬ್ಯಾರೇದವ್ರ ಕೈಯಾಗ ಕೊಟ್ಟ ಬರ್ಬೋದು, ಖರೆ. ನೀವಿಲ್ಲಿ ಅಳಾಕತ್ತೀರಿ, ನಾ ಅಲ್ಲಿ ಬೆನ್ನ ಹಿಂದ ಕಾಗದ ಹಾಕೋದು ಸರಿ ಅಲ್ಲ. ದಿವಸ ಆಗ್ಲಿ. ನೀವು ಬಂದು ಕುರ್ಚಿಮ್ಯಾಲ ಕುಂದರ್ರಿ. ಆಮ್ಯಾಲ ಕೊಡ್ತೇನಿ. ಮುದ್ದತ್ ದಾಟಿದ್ರೂ ನಡೀತದಲ್ರಿ?"

ಶ್ರೀಮಂತ ಗೋಣು ಹಾಕಿದ.

ಬಾಯಿಂದ ಒಂದು ಮಾತು ಹೊರಡಲಿಲ್ಲ. ಕಣ್ಣು ಮಂಜಾಗಿತ್ತು, ಆ ಗೋಣು ನಿಜವಾದ ಗೋಣೇ ಆಗಿತ್ತು. ಆ ಗಳಿಗೆಯಲ್ಲಿ ಕಾರ್ಖಾನೆ, ಕಲಂ, ಎಂ.ಡಿ. ಯಾವುದೂ ಅವನ ತಲೆಯಲ್ಲಿ ಇರಲಿಲ್ಲ. ಅವಳು ಸಮಾಧಾನದಿಂದ ಬಸ್ಸಿಗೆ ಹೋದಳು. ಬಾಗಿಲ ಹಿಂದೆ ತಂಬಿಗೆ ಹಿಡಿದು ನಿಂತಿದ್ದ ಸುವರ್ಣಾ ಎಲ್ಲ ಕೇಳಿಸಿಕೊಂಡಿದ್ದಳು.

ದಿವಸ ಮುಗಿಯಿತು. ಶ್ರೀಮಂತ ಕೆಲಸಕ್ಕೆ ಬಂದ ಮೊದಲ ದಿನವೇ ಪ್ಯಾರಿಬಿ ಲಕೋಟೆ ತಂದು ಮೇಜಿನ ಮೇಲಿಟ್ಟಳು. ಬಂದ ಕಾಗದಕ್ಕೆ ತಾರೀಖಿನ ಠಸ್ಸೆ ಒತ್ತುವುದು ಆಫೀಸಿನ ರಿವಾಜು. ಅವನು ಒತ್ತಿದ. ಪಕ್ಕದಲ್ಲಿ 'ನನ್ನ ಒಪ್ಪಿಗೆಯ ಮೇರೆಗೆ ತಡವಾಗಿದೆ' ಎಂದು ಒಂದು ಸಾಲು ಬರೆಯಲು ಬೇಕಾದಷ್ಟು ಜಾಗವಿತ್ತು. ಪೆನ್ನು ಕೈಯಲ್ಲೇ ಇತ್ತು. ಈಗ ಬೇಡ, ಎಂ.ಡಿ. ಸಾಹೇಬರಿಗೆ ಬಾಯಲ್ಲೇ ಹೇಳಿದರಾಯಿತು ಎಂದುಕೊಂಡ.

ಎಂ.ಡಿ. ಕೇಳಿದ್ದು ಒಂದೇ ಪ್ರಶ್ನೆ. "ಮುದ್ದತ್ ಒಳಗ ಬಂತೇನು?"

"ಇಲ್ರಿ ಸರ. ದಾಟ್ಯಾದ."

"ಶಹಬಾಸ್. ನಿಮ್ಮ ಕಲಂ ಕೆಲಸಾ ಮಾಡ್ತು ನೋಡ್ರಿ."

ಬೆನ್ನು ತಟ್ಟಿಸಿಕೊಂಡವನು ಉಳಿದದ್ದನ್ನು ಹೇಗೆ ಹೇಳಿಯಾನು? ಹೇಳಿದರೆ ನಾಳೆ ಟ್ರ್ಯಾಕ್ಟರಿನವನೂ ಬಂದು ನನಗೂ ಗೋಣು ಹಾಕಿದ್ದಿರಿ ಅಂದಾನು. ಇಷ್ಟು ವರ್ಷ ಕಟ್ಟಿದ ಶಿಸ್ತು ಹಾಳಾದೀತು. ಹೀಗೆ ಒಂದೊಂದೇ ಕಾರಣ ಹುಡುಕಿಕೊಂಡ. ಹುಡುಕುವವನಿಗೆ ಕಾರಣಗಳ ಬರವೇ?

ಕಾರ್ಖಾನೆ ಮುದ್ದತ್ತು ಮೀರಿದೆ ಎಂದು ಉತ್ತರ ಕೊಟ್ಟಿತು. ಶಾಂಭವಿ ಬಿಡಲಿಲ್ಲ, ಮಧ್ಯಸ್ಥಿಕೆಗೆ ಎಳೆದಳು. ಕಲಬುರಗಿಯಲ್ಲಿದ್ದ ಒಬ್ಬ ನಿವೃತ್ತ ನ್ಯಾಯಾಧೀಶರು ಮಧ್ಯಸ್ಥಗಾರರಾದರು. ಮುದ್ದತ್ತಿನ ಪ್ರಶ್ನೆಯನ್ನೇ ಮೊದಲು ನೋಡೋಣ ಎಂದರು.

ಹಿಂದಿನ ದಿನ ಕ್ವಾರ್ಟರ್ಸಿನಲ್ಲಿ ಸುವರ್ಣಾ ಅವನ ಅಂಗಿಗೆ ಇಸ್ತ್ರಿ ಮಾಡುತ್ತ, ತಲೆ ಎತ್ತದೆ ಕೇಳಿದಳು: "ನಾಳೆ ಏನ ಹೇಳ್ತೀರಿ?"

"ಕೇಳಿದ್ದಕ್ಕ ಹೇಳ್ತೇನಿ."

"ಅತ್ತಿ ದಿವಸ ಆಗ್ಲಿ ಅಂತ ಕಾದ್ಳಾಕಿ. ನೀವು ಹೂಂ ಅಂದೀರಿ. ನಾ ಕಂಡೀನಿ."

"ಹೂಂ ಎಲ್ಲಿ ಅಂದೀನಿ? ಬರೇ ಗೋಣು ಹಾಕೀನಿ."

ಸುವರ್ಣಾ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಆಮೇಲೆ ಅಂಗಿಯನ್ನು ಮಡಿಸಿ ಅವನ ಕೈಗೆ ಕೊಟ್ಟಳು. ಅವಳು ಜಗಳ ತೆಗೆದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ವಿಚಾರಣೆ ನಡೆದದ್ದು ನ್ಯಾಯಾಧೀಶರ ಮನೆಯ ಮುಂದಿನ ಕೋಣೆಯಲ್ಲಿ. ಒಂದು ಉದ್ದ ಮೇಜು, ಈ ಕಡೆ ಕಾರ್ಖಾನೆಯ ವಕೀಲರು ಮತ್ತು ಶ್ರೀಮಂತ, ಆ ಕಡೆ ಶಾಂಭವಿ ಮತ್ತು ಪ್ಯಾರಿಬಿ. ಪ್ಯಾರಿಬಿ ಒಗೆದು ಮಡಿಸಿಟ್ಟ ಸೀರೆಯುಟ್ಟು, ಸೆರಗು ತಲೆಯ ಮೇಲೆ ಹೊದ್ದು, ಕುರ್ಚಿಯ ಅಂಚಿಗೆ ಕುಳಿತಿದ್ದಳು. ಅವಳು ಎಲ್ಲ ಹೇಳಿಬಿಡುತ್ತಾಳೆ ಎಂದು ಶ್ರೀಮಂತ ನಂಬಿದ್ದ. ಬುತ್ತಿ ತಂದದ್ದು, ಲಕೋಟೆ ಮುಚ್ಚಿದ್ದು, ಅವನು ಗೋಣು ಹಾಕಿದ್ದು ಎಲ್ಲ ಅವಳ ಬಾಯಿಂದ ಬಂದರೆ, ಹೌದು ಎಂದು ಒಪ್ಪಿಕೊಳ್ಳುವುದು ಸುಲಭ. ತಾನಾಗಿ ಹೇಳಿದ ಹಾಗಾಗುವುದಿಲ್ಲ, ಎಂ.ಡಿ.ಗೂ ಉತ್ತರ ಕೊಡಬಹುದು. ಹೀಗೆಂದುಕೊಂಡೇ ರಾತ್ರಿ ಸ್ವಲ್ಪ ನಿದ್ದೆ ಮಾಡಿದ್ದ.

"ನಿಮ್ಮ ಕಾಗದ ಯಾಕೆ ತಡವಾಯಿತು, ತಾಯಿ?" ನ್ಯಾಯಾಧೀಶರು ಕೇಳಿದರು.

ಪ್ಯಾರಿಬಿ ಒಮ್ಮೆ ಶ್ರೀಮಂತನ ಕಡೆ ನೋಡಿದಳು. "ತಡಾ ಆತ್ರಿ," ಎಂದಳು.

"ಕಾರಣ ಇರಬೇಕಲ್ಲ. ಆರಾಮಿರಲಿಲ್ಲವೋ, ಗೊತ್ತಾಗಲಿಲ್ಲವೋ?"

"ಗೊತ್ತಿತ್ರಿ. ಆರಾಮೂ ಇದ್ದೆ. ಕೊಡೋದು ಆಗ್ಲಿಲ್ರಿ."

ಶಾಂಭವಿ ಅವಳ ಮೊಣಕೈ ಮುಟ್ಟಿ ಏನೋ ಪಿಸುಗುಟ್ಟಿದಳು. ಪ್ಯಾರಿಬಿ ಬೇಡವೆಂಬಂತೆ ತಲೆ ಅಲ್ಲಾಡಿಸಿದಳು. ತನ್ನ ವಕೀಲೆಗೂ ಅವಳು ಹೇಳಿರಲಿಲ್ಲ ಎಂಬುದು ಶ್ರೀಮಂತನಿಗೆ ಆಗ ತಿಳಿಯಿತು. ಸತ್ತ ಮನೆಯ ಬಾಗಿಲಲ್ಲಿ ಆಡಿದ ಮಾತನ್ನು ಇಂಥ ಮೇಜಿನ ಮೇಲೆ ತಂದು ಸುರಿಯುವ ಹೆಂಗಸು ಅವಳಲ್ಲ. ಅದು ಅವನ ತಾಯಿಯ ಸಾವಿನ ಮಾತು. ಆಡುವುದಿದ್ದರೆ ಅವನೇ ಆಡಬೇಕು. ಅವಳು ಅದನ್ನು ಅವನಿಗೇ ಬಿಟ್ಟಿದ್ದಳು.

ನ್ಯಾಯಾಧೀಶರು ಅವನತ್ತ ತಿರುಗಿದರು. "ನೀವು ಹೇಳಿ. ಕಾರ್ಖಾನೆಯ ಕಡೆಯಿಂದ ಈಕೆಗೆ ಹೆಚ್ಚಿನ ಮುದ್ದತ್ತು ಕೊಟ್ಟದ್ದುಂಟೇ? ಬರವಣಿಗೆಯಲ್ಲಾಗಲಿ, ಬಾಯಿಮಾತಲ್ಲಾಗಲಿ?"

ಕಾರ್ಖಾನೆಯ ವಕೀಲರು ಕಣ್ಣೆತ್ತಿ ನೋಡಿದರು. ಬರವಣಿಗೆಯಲ್ಲಿ ಕೊಟ್ಟಿಲ್ಲ. ಬಾಯಿಮಾತಲ್ಲೂ ಕೊಟ್ಟಿಲ್ಲ. ಗೋಣು ಹಾಕಿದ್ದು ಎರಡೂ ಅಲ್ಲವಲ್ಲ ಎಂಬ ಯೋಚನೆ ಅವನಿಗೆ ಬಂತು. ಇಪ್ಪತ್ತು ವರ್ಷ ಕರಾರು ಬರೆದವನ ಬುದ್ಧಿ ಇಂಥ ಹೊತ್ತಿನಲ್ಲಿ ಕೈಕೊಡುವುದಿಲ್ಲ, ಕೈಕೊಟ್ಟಿದ್ದರೆ ಚೆನ್ನಾಗಿತ್ತು.

"ಇಲ್ರಿ," ಎಂದ.

ನ್ಯಾಯಾಧೀಶರು ಬರೆದುಕೊಂಡರು. ಪ್ಯಾರಿಬಿ ತನ್ನ ಕೈಬೆರಳುಗಳನ್ನು ನೋಡುತ್ತ ಕುಳಿತಳು. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಬಸ್ಸು ಬರುವುದಿಲ್ಲ ಎಂದು ತಿಳಿದ ಮೇಲೆ ಸ್ಟ್ಯಾಂಡಿನಲ್ಲಿ ಕುಳಿತವರ ಮುಖ ಹೇಗಾಗುತ್ತದೋ ಹಾಗಾಯಿತು.

ಆಮೇಲೆ ಶಾಂಭವಿ ಎದ್ದಳು. ತಡ ಆದದ್ದು ಆಗಿದೆ, ನನ್ನ ಕಕ್ಷಿದಾರಳು ಒಪ್ಪಿದ್ದಾಳೆ ಎಂದಳು. ಆದರೆ ಈ ಹದಿನಾಲ್ಕನೆಯ ಕಲಮೇ ನಿಲ್ಲುವುದಿಲ್ಲ. ತಕರಾರನ್ನು ಬೇಗ ತಿಳಿಸಿ ಎಂದು ಕರಾರು ಹೇಳಬಹುದು. ತಿಳಿಸದಿದ್ದರೆ ಹಕ್ಕೇ ಸತ್ತುಹೋಗುತ್ತದೆ ಎಂದು ಹೇಳುವ ಹಾಗಿಲ್ಲ. ಕರಾರು ಕಾಯ್ದೆಯ ಇಪ್ಪತ್ತೆಂಟನೆಯ ಕಲಂ ಅಂಥ ಮಾತನ್ನು ರದ್ದು ಎನ್ನುತ್ತದೆ. ಹಕ್ಕಿಗೆ ಕೊನೆಯ ದಿನ ಇಡುವುದು ಕಾನೂನು, ಕಾರ್ಖಾನೆಯಲ್ಲ. ಅವಳು ತೀರ್ಪುಗಳನ್ನು ಒಂದೊಂದಾಗಿ ಮುಂದಿಟ್ಟಳು. ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ಓದಿದರು. ಕಾರ್ಖಾನೆಯ ವಕೀಲರು ಅರ್ಧ ತಾಸು ವಾದಿಸಿದರು. ಅದರಲ್ಲಿ ದಮ್ಮಿಲ್ಲ ಎಂಬುದು ಶ್ರೀಮಂತನಿಗೂ ತಿಳಿಯುತ್ತಿತ್ತು.

ಕೆಲವು ವಾರಗಳ ಮೇಲೆ ಆದೇಶ ಬಂತು. ಮುದ್ದತ್ತಿನ ಷರತ್ತು ಊರ್ಜಿತವಲ್ಲ. ಶುಚಿತ್ವದ ಬಗ್ಗೆ ಕಾರ್ಖಾನೆಯ ಹತ್ತಿರ ಒಂದೇ ಒಂದು ದೂರೂ ಇಲ್ಲ. ಕರಾರಿನ ಉಳಿದ ಅವಧಿಗೆ ಕ್ಯಾಂಟೀನನ್ನು ಪ್ಯಾರಿಬಿಗೆ ಹಿಂತಿರುಗಿಸತಕ್ಕದ್ದು.

ಎಂ.ಡಿ. ಗೊಣಗಿದರು, ಮೇಲಿನ ಕೋರ್ಟಿಗೆ ಹೋಗುವುದು ದುಬಾರಿ ಎಂದು ಸುಮ್ಮನಾದರು. ಎಲ್ಲ ಕರಾರುಗಳಿಂದ ಆ ಸಾಲು ತೆಗೆಯಿರಿ ಎಂದು ಶ್ರೀಮಂತನಿಗೇ ಹೇಳಿದರು. ಅವನು ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದರಲ್ಲೂ ಅಳಿಸಿದ. ಒಂದು ಮಧ್ಯಾಹ್ನದ ಕೆಲಸ ಅಷ್ಟೇ. ಅಳಿಸುವಾಗ ಅವನಿಗೆ ಕಲಂ ಹೋದ ದುಃಖವಾಗಲಿಲ್ಲ. ಬೇರೆ ಒಂದು ಯೋಚನೆ ಕಾಡಿತು. ಎಲ್ಲಿಂದಲೋ ಬಂದ ಕಾಯ್ದೆ ಅವಳನ್ನು ಗೆಲ್ಲಿಸಿಬಿಟ್ಟಿತ್ತು. ತಾನು ಹೌದೆಂದಿದ್ದರೂ ಅವಳು ಗೆಲ್ಲುತ್ತಿದ್ದಳು, ಇಲ್ಲವೆಂದರೂ ಗೆದ್ದಳು. ಹಾಗಾದರೆ ತನ್ನ ಇಲ್ಲ ಎಂಬ ಮಾತು ಯಾರನ್ನೂ ಕೆಡಿಸಲಿಲ್ಲ, ಏನನ್ನೂ ಉಳಿಸಲಿಲ್ಲ. ಮೊದಲು ಇದರಿಂದ ಸಮಾಧಾನವಾಗಬಹುದು ಎನಿಸಿತ್ತು. ಆಗಲಿಲ್ಲ. ಯಾರಿಗೂ ಬೇಡವಾದ ಒಂದು ಸುಳ್ಳನ್ನು, ತಾಯಿಯ ಹೆಸರಿನ ಮೇಲೆ, ಪುಕ್ಕಟೆ ಹೇಳಿ ಬಂದಿದ್ದ.

ಕ್ಯಾಂಟೀನಿನ ಕೀಲಿ ಕೊಡಲು ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಅವನೇ ಹೋದ. ಪ್ಯಾರಿಬಿ ತನ್ನ ಹೆಂಗಸರೊಂದಿಗೆ ಬಾಗಿಲ ಮುಂದೆ ನಿಂತಿದ್ದಳು, ಪೊರಕೆ ಬಕೆಟ್ಟುಗಳೊಂದಿಗೆ. ಅವನು ಕೀಲಿಯನ್ನು ಅವಳ ಕೈಗೆ ಕೊಟ್ಟು, ಹೆಂಗಸರು ಒಳಗೆ ಹೋಗುವ ತನಕ ಕಾದ.

"ಪ್ಯಾರಿಬಿ, ಅವತ್ತ ಕಲಬುರಗ್ಯಾಗ..." ಎಂದು ಶುರು ಮಾಡಿದ. "ನಾ ಹೇಳಬೇಕಿತ್ತು. ಬಾಯಿಗಿ ಬರಲಿಲ್ಲ."

"ಬಿಡ್ರಿ ಸಾಹೇಬ್ರ. ಆತಲ್ಲ ಕೆಲಸ. ವಕೀಲ ಬಾಯಿ ಕಾಯ್ದೆ ತಗದು ಗೆದ್ಳು."

"ಅದಲ್ಲ. ನೀವ್ಯಾಕ ಹೇಳ್ಲಿಲ್ಲ? ನೀವು ಹೇಳಿದ್ರ ನಾ ಹೌದಂತಿದ್ದೆ."

ಪ್ಯಾರಿಬಿ ಅವನನ್ನು ನೇರ ನೋಡಿದಳು. ದನಿಯಲ್ಲಿ ಬಿರುಸಿರಲಿಲ್ಲ.

"ನಂಗ ಕ್ಯಾಂಟೀನ ಸಿಗ್ತದೋ ಇಲ್ಲೋ ಅಂತ ಅಲ್ಲಿ ಕುಂತಿರ್ಲಿಲ್ರಿ ನಾ," ಎಂದಳು. "ಅವ್ವ ನನ್ನ ಮುಂದ ಯಾವಾಗ್ಲೂ ಒಂದ ಮಾತ ಅಂತಿದ್ಳು, ನನ್ನ ಮಗ ಭಾಳ ಕಡಕ್, ಆದ್ರ ಸುಳ್ಳ ಹೇಳಂಗಿಲ್ಲ ಅಂತ. ನಿಮ್ಮನ್ನ ಕೇಳಿದ್ರಲ್ಲ, ಆವಾಗ ನಾ ನಿಮ್ಮ ಬಾಯೇ ನೋಡ್ಕೋತ ಕುಂತಿದ್ದೆ."

ಒಳಗಿನಿಂದ ಯಾರೋ ಅವಳನ್ನು ಕರೆದರು, ನೀರಿನ ನಲ್ಲಿ ತಿರುಗುತ್ತಿಲ್ಲವಂತೆ. ಬಂದೆ ಎಂದು ಹೇಳಿ ಅವಳು ಹೋದಳು. ಶ್ರೀಮಂತ ಬಿಸಿಲಲ್ಲಿ ಆಫೀಸಿನ ಕಡೆ ನಡೆದ. ತಾಯಿ ಸತ್ತು ಅಷ್ಟು ದಿನವಾಗಿದ್ದರೂ ಅವನಿಗೆ ಅವಳು ಆಗಷ್ಟೇ ತನ್ನನ್ನು ಬಿಟ್ಟು ಹೋದಂತಾಯಿತು.